ನಾಲ್ಕನೆಯ ನಳಿಕೆ

ನಾಲ್ಕು ನಳಿಕೆ ಕೊಟ್ಟಿದ್ದಾರೆ, ಒಂದೊಂದೂ ಕಿರುಬೆರಳಿನಷ್ಟು.
ಕಣ್ಣು ಬಿಟ್ಟ ಕೂಡಲೇ ಒಂದು, ಅರ್ಧ ತಾಸಿಗೆ ಇನ್ನೊಂದು,
ಮಧ್ಯಾಹ್ನ ರನ್ನಿಂಗ್ ರೂಮಿನಲ್ಲಿ ಮೂರನೆಯದು,
ಮಲಗುವ ಮುಂಚೆ ಕೊನೆಯದು.
'ಉಗುಳಿದರೆ ಸಾಕು' ಎಂದರು ಡಾಕ್ಟರ್ ಮೃದುಲಾ ಕರ್ಣಿಕ,
'ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ.'
ಹನ್ನೊಂದು ವರ್ಷ ಲೋಕಲ್ ಓಡಿಸಿದ್ದೇನೆ,
ನನ್ನ ಎಂಜಲನ್ನು ಮರ್ಯಾದೆಯಿಂದ ಕೇಳಿದವರು ಇವರೊಬ್ಬರೇ.

ಚಿತ್ರ ಬರೆದು ತೋರಿಸಿದರು:
ಮೂತ್ರಪಿಂಡ ಎರಡು, ಎರಡರ ನೆತ್ತಿಗೂ ಒಂದೊಂದು ಟೋಪಿ,
ಥೇಟು ನಮ್ಮ ಡಬ್ಬಾವಾಲಾಗಳ ಹಾಗೆ.
ಮೇಲಿಂದ ಹುಕುಂ ಬಂದರೆ
ರಕ್ತದ ಗಲ್ಲಿಗಲ್ಲಿಗೂ ಡಬ್ಬಿ ಮುಟ್ಟಿಸುತ್ತವೆ, ತಡವಿಲ್ಲ;
ಉಣ್ಣುವವ ಊರಲ್ಲಿದ್ದಾನೋ ಇಲ್ಲವೋ ಕೇಳುವುದಿಲ್ಲ.
ಹುಕುಂ ಕೊಡುವುದು ತಲೆಯೊಳಗಿನ ಬಾದಾಮಿಯಷ್ಟು ಗಂಟು.
ಬಾದಾಮಿ ಅಂದರೆ ನನಗೆ ಗದಗ ಲೈನಿನ ಸ್ಟೇಷನ್ನು,
ಅಲ್ಲಿ ಗಾಡಿ ಎರಡೇ ನಿಮಿಷ ನಿಲ್ಲುತ್ತದೆ.
ಇಲ್ಲೊಂದು, ದೀಪಾವಳಿಯ ಹಿಂದಿನ ದಿನದಿಂದ ನಿಂತೇ ಇದೆ.

ಕಾಂಜೂರಮಾರ್ಗದ ಹತ್ತಿರ ಒಂದು ಕಂಬ.
ನಂಬರು ಹೇಳುವುದಿಲ್ಲ.
ಅವನ ಮುಖ ನೆನಪಿಲ್ಲ. ಕೈಚೀಲದಿಂದ ತಲೆ ಹೊರಗೆ ಹಾಕಿದ್ದ
ಕೊತ್ತಂಬರಿ ಕಟ್ಟು ನೆನಪಿದೆ, ಎಲೆಎಲೆಯೂ.
ಹಾರ್ನು ಹೊಡೆದೆ. ಬ್ರೇಕು ಎಳೆದೆ.
ಹನ್ನೆರಡು ಡಬ್ಬಿಯ ಗಾಡಿ ಅಂದಲ್ಲಿ ನಿಲ್ಲುವುದಿಲ್ಲ, ಅದು ಗಣಿತ.
ಗಣಿತಕ್ಕೆ ರಾತ್ರಿ ನಿದ್ದೆ ಬರುತ್ತದೆ.
ಹಮಾಲರು ಸ್ಟ್ರೆಚರು ತಂದರು. ಗಾರ್ಡ್ ದುಸಾನೆ ಮೆಮೋ ಬರೆದ.
'ಲೇಟ್ ಮಾರ್ಕ್ ಬೀಳ್ತದೆ, ಬಿಡಪ್ಪಾ' ಎಂದು ಒಳಗಿಂದ ಯಾರೋ ಕೂಗಿದರು.
ಬಿಟ್ಟೆ. ಹದಿಮೂರು ನಿಮಿಷ ತಡವಾಗಿ ವಿಟಿ ಮುಟ್ಟಿಸಿದೆ.

ನಾವು ಹಿಡಿಯುವ ಹಿಡಿಕೆಗೆ ಸತ್ತವನ ಹಿಡಿಕೆ ಅಂತ ಹೆಸರು.
ಅಂಗೈ ಒತ್ತಿಯೇ ಇರಬೇಕು; ಸಡಿಲಾದರೆ
ಓಡಿಸುವವ ಸತ್ತ ಎಂದು ತಿಳಿದು ಗಾಡಿ ತಾನೇ ನಿಲ್ಲುತ್ತದೆ.
ಈಗ ಆ ಕಂಬಕ್ಕೆ ಅರ್ಧ ಕಿಲೋಮೀಟರು ಇರುವಾಗಲೇ
ಅಂಗೈ ಬೆವರುತ್ತದೆ. ನನಗಿಂತ ಮುಂಚೆ ಅದು ಹೆದರುತ್ತದೆ.
ಕೈ ಒದ್ದೆಯಾದದ್ದು ನೋಡಿ, ಓ ಬಂತು ಎಂದು
ಆಮೇಲೆ ನಾನು ಹೆದರುತ್ತೇನೆ,
ಊರಿಗೆಲ್ಲ ತಿಳಿದ ಸುದ್ದಿ ಮನೆ ಯಜಮಾನನಿಗೆ ಕೊನೆಗೆ ಮುಟ್ಟಿದ ಹಾಗೆ.

ಎರಡನೆಯ ವಾರ ಗ್ರಾಫು ತೋರಿಸಿದರು.
ಬೇರೆಯವರ ಗೆರೆ ಬೆಳಿಗ್ಗೆ ಏರಿ, ರಾತ್ರಿಗೆ
ಘಾಟಿ ಇಳಿದು ಕರ್ಜತ್ ಸೇರಿ ತಣ್ಣಗಾಗಿದೆ.
ನನ್ನದು ಖಂಡಾಳದಲ್ಲೇ, ಎಂಜಿನ್ ಆರಿಸದೆ.
'ಸೊನ್ನೆಯಿಂದ ಹತ್ತರೊಳಗೆ ಕಷ್ಟ ಎಷ್ಟು?'
ನಾಲ್ಕು ಎಂದೆ.
ಬರೆದುಕೊಂಡರು. 'ತಿಂದದ್ದರ ಪಟ್ಟಿಯೂ ಬೇಕು' ಎಂದರು.

ಬರೆಯಲು ಕೂತೆ. ಜೋಳದ ರೊಟ್ಟಿ, ಬೇಳೆ ಸಾರು, ಎಣಗಾಯಿ.
ಪೆನ್ನು ನಿಂತಿತು.
ಸಾರಿನ ಮೇಲೆ ಹಸಿರಿಲ್ಲ. ಎಣಗಾಯಿಯಲ್ಲಿಲ್ಲ. ಮೊನ್ನೆಯ ಚುರುಮುರಿಯಲ್ಲೂ.
ದೀಪಾವಳಿ ಹೋಗಿ ಹೋಳಿ ಬಂತು,
ಡೊಂಬಿವಲಿಯ ಈ ಮನೆಯಲ್ಲಿ ಕೊತ್ತಂಬರಿ ಹೆಚ್ಚಿದ ಸದ್ದಿಲ್ಲ.
ಮಹಾನಂದಾಗೆ ನಾನು ಆ ಕಟ್ಟಿನ ಮಾತು ಹೇಳಿಯೇ ಇಲ್ಲ.
ಯಾವತ್ತೋ ತಾಟಿನ ಮುಂದೆ ನನ್ನ ಉಸಿರು
ತಾಳ ತಪ್ಪಿದ್ದು ಕೇಳಿಸಿರಬೇಕು.
ಯಾಕೆ ಎಂದು ಕೇಳಿದೆ.
'ಭಾಳ ತುಟ್ಟಿ ಆಗ್ಯದ್ರಿ' ಅಂದಳು, ಗೋಡೆ ನೋಡುತ್ತ.
ಹತ್ತಕ್ಕೆ ಎರಡು ಕಟ್ಟು ಎಂದು ಕೆಳಗೆ ಭಾಜಿಯವ ಕೂಗುತ್ತಿದ್ದ.

ರಾತ್ರಿ ಹತ್ತೂವರೆ. ನಾಲ್ಕನೆಯ ನಳಿಕೆ.
ಬಾಯಿ ಒಣಗಿದೆ. ಬಾರದಿದ್ದರೆ ಹುಣಸೆ ನೆನೆಸಿಕೊಳ್ಳಿ ಎಂದಿದ್ದರು.
ನೆನೆಸಿಕೊಂಡೆ: ವಾಡಿ ಜಂಕ್ಷನ್, ಗೂಡ್ಸ್ ಶೆಡ್ಡಿನ ಹಿಂದಿನ ಮರ,
ಸಿಮೆಂಟು ಧೂಳು ಕೂತ ಎಳೆಗಾಯಿ, ಚಡ್ಡಿಗೆ ಒರೆಸಿ, ಉಪ್ಪು ಹಚ್ಚಿ...
ಮರ ಕಡಿದು ಇಪ್ಪತ್ತು ವರ್ಷವಾಯಿತು.
ನಾಲಿಗೆಗೆ ಯಾರೂ ತಿಳಿಸಿಲ್ಲ. ನೀರೂರಿತು.

ಇಲ್ಲದ ಹುಣಸೆಯನ್ನು ನಂಬುವ ಇದೇ ಮೈ
ಇಲ್ಲದ ಮನುಷ್ಯನನ್ನೂ ನಂಬುತ್ತದೆ, ದಿನಾ, ಅದೇ ಕಂಬದ ಹತ್ತಿರ.
ಬೈಯಲು ಬಾಯಿ ಬರುವುದಿಲ್ಲ.

ಮುಚ್ಚಳ ತಿರುವಿ, ಹೊತ್ತು ಬರೆದು
ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆಗಳ ಪಕ್ಕ ನಿಲ್ಲಿಸಿದೆ.
ಕೆಳಗಿನ ಖಾನೆ ಎಳೆದು ನೋಡಿದೆ. ಮೆಣಸಿನಕಾಯಿ, ಶುಂಠಿ.
ನಾಳೆ ಬರುವಾಗ ನಾನೇ ಒಂದು ಕಟ್ಟು ತರಲೇ
ಅಂದುಕೊಂಡೆ ಅಷ್ಟೆ, ಅಂಗೈ ಒದ್ದೆಯಾಯಿತು.
ನಾಳೆ ಬೇಡ.
ನಾಡಿದ್ದು ನೋಡೋಣ.