ತಲೆದೆಸೆ

ಮಾರ್ಚಿ ಬಂದರೂ ವೆಸ್ಟ್ ವ್ಯಾಲಿಯಲ್ಲಿ ಹಿಮ ಕರಗಿರಲಿಲ್ಲ.
ಚರ್ಚಿನ ಹಿತ್ತಲಲ್ಲಿ ಒಲೆಗುಂಡಿ ತೋಡುತ್ತಿದ್ದರು,
ಹಾರೆ ಬಿದ್ದಲ್ಲೆಲ್ಲ ನೆಲ ಟಣ್ಣೆನ್ನುತ್ತಿತ್ತು.
ಸತ್ತವನ ಸ್ವಂತ ಮಕ್ಕಳೂ ಅಲ್ಲೇ, ಹೊಗೆಯಲ್ಲಿ,
ಸೊಂಟಕ್ಕೆ ಸುತ್ತಿದ ಹರಕು ಚಾಪೆ ಹಿಮ ಗುಡಿಸುತ್ತ.
ಚಾಪೆ ಎಷ್ಟು ಹರಿದಿದ್ದರೆ
ಅಷ್ಟು ಕೆಳಗಿನವರು, ಆ ಒಂದು ದಿನ.

ಒಳಗೆ, ಸೆಮಿಸಿಯ ತಲೆದೆಸೆಗೆ ಕೂತವಳು
ಕಲೊಲೈನೆ. ಹತ್ತೊಂಬತ್ತು ವರ್ಷ.
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ,
ನಾನೊಂದು ತುದಿ, ಅವಳೊಂದು ತುದಿ ಹಿಡಿದು
ಹಾಸಿಗೆಬಟ್ಟೆ ಮಡಚುತ್ತೇವೆ.

ತಮ್ಮ ಸತ್ತರೆ ಅಕ್ಕನಿಗೆ ಆ ಜಾಗ.
ಅಕ್ಕ ಅವನಿಗಿಂತ ಮುಂಚೆಯೇ ಹೋದಳು,
ಹಾಗಾಗಿ ಅಕ್ಕನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ.
'ಇವತ್ತು ಅವಳೇ ಫಹು, ಪಾದ್ರಿಗಿಂತ ಮೇಲೆ'
ಅಂದಳು ಬಾಗಿಲಲ್ಲಿ ನನ್ನ ಚಪ್ಪಲಿ ಬಿಡಿಸುತ್ತ ಓಫಾ ಮುದುಕಿ.

ಸೋದರಮಾವನಿಗೆ ಅವರ ಮಾತಿನಲ್ಲಿ
'ಗಂಡು ತಾಯಿ' ಅಂತಾರಂತೆ.
ರಾಣೆಬೆನ್ನೂರಿನಲ್ಲಿ ನನ್ನನ್ನು ಹಸೆಗೆ ಎತ್ತಿಕೊಂಡು ಹೋದ
ಬೆವರುನಾತದ, ಮೂಗು ಸೀಟುವ ನನ್ನ ಮಾವನಿಗೆ
ಈ ಹೆಸರು ಯಾಕೆ ನಮಗೆ ಹೊಳೆಯಲಿಲ್ಲ?

ಮಾವನ ತಟ್ಟೆಯಿಂದ ಏನು ಬೇಕಾದರೂ ಎತ್ತಿಕೋಬಹುದು ಇವಳು,
ಅವನು ಬೇಡ ಅನ್ನುವಂತಿಲ್ಲ.
ಹದಿನಾರರಲ್ಲಿ ಟ್ರಕ್ಕಿನ ಬೀಗದಕೈ ಎತ್ತಿಕೊಂಡಳಂತೆ.
ಸೆಮಿಸಿ ಎರಡು ವಾರ ಬಸ್ಸಿನಲ್ಲಿ ಇಟ್ಟಿಗೆ ಕೆಲಸಕ್ಕೆ ಹೋದ,
ಒಂದು ಮಾತಾಡಲಿಲ್ಲ.
ಇದನ್ನು ಅವಳು ನನಗೆ ಹೇಳಿದ್ದು ಒಮ್ಮೆ ಮಾತ್ರ,
ಡ್ರೈಯರ್ ಸದ್ದು ಮಾಡುವಾಗ.

ಬಂದವರು ಬಂದಂತೆ ಅವಳ ಮುಂದೆ ಹಾಸಿದರು
ಮೆತ್ತನೆ ಚಾಪೆ, ಬಸ್ಸಿನಷ್ಟುದ್ದ ತೊಗಟೆಬಟ್ಟೆ,
ಕಂದು ಬಣ್ಣದ ವಾಸನೆ, ಹಳೇ ಪೆಟ್ಟಿಗೆಯ ವಾಸನೆ.
ಭಾಷಣ ಅವಳಿಗೆ ಅರ್ಧ ತಿಳಿಯದು.
ಪ್ರತಿ ಸಲ 'ಮಾಲೋ' ಅಂದಳು,
ಅದೊಂದು ಗೊತ್ತು: ಉಪಕಾರ.

ಮಣ್ಣಾದ ಮೇಲೆ ಸೆಮಿಸಿಯ ಮಗಳು
ಹೊಗೆಮುಖದಲ್ಲೇ ಬಂದು ಮೊಣಕಾಲೂರಿದಳು,
ಸೊಂಟದ ತನಕ ಜಡೆ, ವಯಸ್ಸು ನಲವತ್ತು.
ಕತ್ತರಿ ಕಲೊಲೈನೆಯ ಕೈಗೆ ಬಂತು.
ಕತ್ತರಿಸಬೇಕು, ಅದು ಫಹುವಿನ ಕೆಲಸ.
ಎಷ್ಟು ಅಂತ ಯಾರೂ ಹೇಳಲಿಲ್ಲ.
ಕೋಣೆ ಉಸಿರು ಹಿಡಿದಿತ್ತು. ಹೊರಗೆ ಮಗುವೊಂದು ಚಿಪ್ಸ್ ಕೇಳಿತು.
ಅವಳು ತುದಿಯ ಒಂದು ಬೆರಳಷ್ಟು ತೆಗೆದಳು.
ಮುದುಕಿಯರು ಗೊಣಗಿದರು.
ಮಂಡಿಯೂರಿದವಳು ತಲೆ ಎತ್ತದೆ
'ಇನ್ನೂ' ಅಂದಳು, ಇಂಗ್ಲಿಷಿನಲ್ಲಿ.

ರಾತ್ರಿ ನನ್ನ ಕಾರಿನ ಡಿಕ್ಕಿ ಮುಚ್ಚಲಿಲ್ಲ.
ಒಂದೇ ಕೋಣೆಯ ಮನೆ, ಎಲ್ಲಿಡುತ್ತಿ ಎಂದೆ.
'ಇಡೋದಲ್ಲ, ಕೊಡೋದು' ಅಂದಳು,
'ಯಾರಿಗೆ ಯಾವುದು ಅಂತ ನಾನೇ ಹೇಳಬೇಕಂತೆ.'
ಹಿಮದಲ್ಲಿ ಚಾಪೆಯ ತುದಿಗಳನ್ನು
ನನ್ನ ಮಫ್ಲರಿನಿಂದ ಬಿಗಿದು ಕಟ್ಟಿದೆವು.
ಅವಳ ಎಡಗೈ ಮುಷ್ಟಿ ಮನೆಯ ತನಕ ಬಿಚ್ಚಲಿಲ್ಲ.

ಸೋಮವಾರ ಹನ್ನೆರಡು ನಿಮಿಷ ತಡ.
ಸೂಪರ್‌ವೈಸರ್ ಗಡಿಯಾರ ತೋರಿಸಿ ಬೈದ.
ಕಲೊಲೈನೆ ಬೆನ್ನು ನೆಟ್ಟಗೆ ಮಾಡಿ
'ಮಾಲೋ' ಅಂದಳು,
ಬಟ್ಟೆಯ ತಲೆದೆಸೆಯ ತುದಿ ತಾನು ಹಿಡಿದು
ಕಾಲದೆಸೆಯದನ್ನು ನನ್ನ ಕಡೆ ಬೀಸಿದಳು.