ತುರ್ತು ಸಂಪರ್ಕ

ವಯಸ್ಸು ಮೂವತ್ನಾಲ್ಕು. ಹಮಾಲಿ, ರಾಯಚೂರು ಗಂಜಿನಲ್ಲಿ.
ಪುಡಿ ಬೆರೆಸಿದ ಸೇಂದಿ, ಹದಿನಾರರಿಂದ.
ಎರಡು ಸಲ ಚಿಕಿತ್ಸೆ ಅರ್ಧಕ್ಕೇ ಬಿಟ್ಟದ್ದು, ಒಂದು ಸಲ ಜೈಲು.
ಕೆಮ್ಮು ಇದೆ. ಸಕ್ಕರೆ ನೋಡಿಸಿಲ್ಲ.
ಮನೆಯಲ್ಲಿ ಯಾರಿದ್ದಾರೆ?
"ಕೀಲಿ ಐತ್ರಿ, ಸಿಸ್ಟರ್" ಅಂದು ನಕ್ಕ ತಾಯಪ್ಪ.

ಒಂದೊಂದಕ್ಕೂ ಗೀಟು ಹಾಕುತ್ತ ಹೋದೆ.
ಕೂಡಿದೆ. ಮೊತ್ತ ಅವನಿಗೆ ಕಾಣದಂತೆ
ಮೊಣಕೈ ಇಟ್ಟೆ.

ತುರ್ತು ಸಂಪರ್ಕದ ಜಾಗ ಖಾಲಿ.
"ನಿಮ್ದೇ ನಂಬರ್ ಬರಕೊಳ್ರಿ."
ಬರೆದುಕೊಂಡೆ.

ನಲವತ್ತೊಂದು ದಿನ.
ಮೊದಲ ವಾರ ಗೋಡೆ ತುಂಬ ಇರುವೆ ಕಂಡವನು
ಆಮೇಲೆ ವಾರ್ಡಿನ ಮಂಚಗಳನ್ನೆಲ್ಲ ಒಬ್ಬನೇ ಸರಿಸಿ ಕಸ ಹೊಡೆದ.
ತುಂಬಿದ ಚಹಾ ಲೋಟ ಎತ್ತಿ ಹಿಡಿದ:
"ನೋಡ್ರಿ, ತುಳುಕಂಗಿಲ್ಲ."

ಮೈ ಮರೆತಿದೆ, ಒಳ್ಳೆಯದಾಯಿತು, ಅಂದೆ.
ಮರೆತ ಮೈಗೆ ಹಳೆಯ ಅಳತೆಯೇ ವಿಷ,
ಅದನ್ನೂ ಅಂದಿದ್ದೆ, ಬಿಡುಗಡೆ ಚೀಟಿ ಮಡಚುತ್ತ.
ಹೊರಗೆ ಆಟೋದವನು ಒಂದೇ ಸಮ ಹಾರ್ನ್ ಹೊಡೆಯುತ್ತಿದ್ದ.

ಅಮಾವಾಸ್ಯೆ. ಗಂಜಿಗೆ ರಜೆ.
ಮಧ್ಯಾಹ್ನ ಮೊಸರನ್ನ ಕಲಸುವಾಗ ಫೋನು,
ಯಾರೋ ಪೊಲೀಸಿನವರು.
ಕಿಸೆಯ ಚೀಟಿಯಲ್ಲಿ ನಿಮ್ಮ ನಂಬರೊಂದೇ ಇತ್ತು, ಅಂದರು.
ನೀವು ಏನಾಗಬೇಕ್ರಿ ಇವರಿಗೆ?

ಫಾರಮ್ಮಿನಲ್ಲಿ ಅದಕ್ಕೂ ಒಂದು ಗೆರೆ ಇತ್ತು: ಸಂಬಂಧ.
ಅವನು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.
ಎಡಗೈಯಲ್ಲಿ ಫೋನು.
ಬಲಗೈ ತುಂಬ ಅನ್ನ.