ಅಟ್ಟದ ಕಾಯಿ

ಬಾಣಾವರದಲ್ಲಿ ನಮ್ಮದು ನೀಲಿ ಬಾಗಿಲ ಮನೆ.
ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ,
ಕಾಯಿಯೊಳಗೆ ನೀರು.
ಹನ್ನೊಂದು ತಿಂಗಳು ಅದು ತನ್ನ ಪಾಡಿಗೆ ತಾನು ಇಂಗಬೇಕು.
ಬಿಸಿಲಿಗಿಟ್ಟು ಅವಸರ ಮಾಡಿದರೆ ಒಡೆಯುತ್ತೆ,
ಒಡೆದದ್ದು ಗಾಣಕ್ಕೆ.
ಉಂಡೆ ಕೊಬ್ಬರಿ ಬೇಕಾದರೆ ಬಿಟ್ಟುಬಿಡಬೇಕು
ಅಂತಾರೆ ಅತ್ತೆ ಗುರುಸಿದ್ದಮ್ಮ,
ನಲವತ್ತು ವರ್ಷ ಈ ಏಣಿ ಹತ್ತಿದವರು.

ದತ್ತಿನ ಅರ್ಜಿ ಹಾಕಿದ ದಿನ
ಗಂಡೋ ಹೆಣ್ಣೋ ಅಂತ ಕೇಳಿದ ಕಡೆ
ಸೈಬರ್ ಅಂಗಡಿಯ ಹುಡುಗ ತಲೆ ಎತ್ತಿ ನೋಡಿದ.
ಯಾವುದಾದರೂ ಅಂದೆವು, ಇಬ್ಬರೂ ಒಟ್ಟಿಗೆ.
ಮನೆಗೆ ಬಂದು ಮೌಳಿ
ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ:
ಕಾಯಿ ಏರಿಸಿದ ತಾರೀಕು, ಎಷ್ಟು ಸಾವಿರ,
ಪಕ್ಕದಲ್ಲಿ ನಮ್ಮ ಸರದಿ,
ಎರಡು ಸಾವಿರದ ಮುನ್ನೂರ ಆರು.
ಯಾರಾದರೂ ನೋಡಿದರೆ
ಅದೂ ಕಾಯಿ ಲೆಕ್ಕ ಅಂದುಕೊಳ್ಳಲಿ ಅಂತ.

ಹಾಸನದಿಂದ ಫಿಲೋಮಿನಾ ಮೇಡಂ ಬಂದರು, ಮನೆ ನೋಡಲು.
ಆದಾಯ, ಸಾಲ, ಸಕ್ಕರೆ ಕಾಯಿಲೆ,
ಜಗಳ ಆದಾಗ ಮೊದಲು ಮಾತಾಡುವವರು ಯಾರು?
"ಹಸಿವಾದವರು" ಅಂದ ಮೌಳಿ.
ಆಕೆ ನಗಲಿಲ್ಲ, ಬರೆದುಕೊಂಡರು.
ಹಿತ್ತಿಲಿಗೆ ಹೋಗಿ ನೀರಿನ ತೊಟ್ಟಿಗೆ ಇಣುಕಿ
"ಇದಕ್ಕೊಂದು ಮುಚ್ಚಳ ಮಾಡಿಸಿ" ಅಂದರು.

ವಾರದೊಳಗೆ ಬಂತು ಕಬ್ಬಿಣದ ಮುಚ್ಚಳ,
ಹಸಿರು ಬಣ್ಣ, ಎರಡು ಚಿಲಕ.
ಹುಟ್ಟಿದೆಯೋ ಇಲ್ಲವೋ ಗೊತ್ತಿಲ್ಲದ ಕೂಸು
ಬೀಳದ ಹಾಗೆ
ನೀರು ಮೊಗೆದಾಗಲೆಲ್ಲ ಎರಡನ್ನೂ ಹಾಕುತ್ತೇನೆ.
ನಂಬಿಕೆ ಅಂದರೇನು ಅಂತ ಯಾರಾದರೂ ಕೇಳಿದರೆ
ನನ್ನ ಹತ್ತಿರ ಇರುವುದು ಇಷ್ಟೇ,
ಅಂಗೈಯಲ್ಲಿ ಕಬ್ಬಿಣದ ವಾಸನೆ.

ಒಂದು ಅಟ್ಟ ಇಳಿಯಿತು, ಅರಸೀಕೆರೆ ಮಾರ್ಕೆಟ್ಟಿಗೆ ಹೋಯಿತು.
ಎರಡನೆಯದೂ.
ಮೂರನೆಯ ವರ್ಷ ಕೊಬ್ಬರಿಗೆ ಒಳ್ಳೆ ರೇಟು,
ತೊಲೆಯ ಅಂಕಿ ಮಾತ್ರ ಏಳು ತಿಂಗಳು ಅಲ್ಲಾಡಲಿಲ್ಲ.
ಆಗ ನಾನು ಕೆಟ್ಟವಳಾಗಿದ್ದೆ.
ಓರಗಿತ್ತಿಯ ಸೀಮಂತಕ್ಕೆ ತಲೆನೋವು ಅಂದೆ.
ಅತ್ತೆ ಹರಕೆ ಹೊತ್ತು ಕಂಬಕ್ಕೆ ಕಟ್ಟಿದ್ದ ಅರಿಶಿನದ ಗಂಟು
ಬಿಚ್ಚಿ ಒಲೆಗೆ ಹಾಕಿದೆ.
ಅವರು ಬೈಯಲಿಲ್ಲ.
ಆ ರಾತ್ರಿ ಮುದ್ದೆ ಮಾತ್ರ ಗಂಟುಗಂಟಾಗಿತ್ತು.

ಒಂದು ಸೋಮವಾರ ಗುಡಿಯಲ್ಲಿ
"ಬೇಗ ಕೊಡಪ್ಪ" ಅನ್ನಬೇಕು, ನಾಲಿಗೆ ತಡೆಯಿತು.
ಬೇಗ ಅಂದರೆ?
ಎಲ್ಲೋ ಒಬ್ಬಳು ಬೇಗ ಕೈಬಿಡಲಿ ಅಂತಲೇ?
ರವಿಕೆಯ ಮೇಲಿನ ಹಾಲಿನ ಕಲೆಗೆ
ಸೆರಗು ಎಳೆದುಕೊಂಡು
ಬರಿಗೈಯಲ್ಲಿ ಬಸ್ಸು ಹತ್ತಲಿ ಅಂತಲೇ?
ಗಂಟೆಯ ಸದ್ದು ಪೂರ್ತಿ ಇಳಿಯುವ ತನಕ ನಿಂತಿದ್ದು
ಏನೂ ಕೇಳದೆ ಬಂದೆ.

ಈಗ ಪ್ರತಿ ಸೋಮವಾರ ಅವಳ ಹೆಸರಲ್ಲಿ ಒಂದು ಕಾಯಿ.
ಪೂಜಾರಿ ಹೆಸರು ಕೇಳುತ್ತಾರೆ, ನಕ್ಷತ್ರ ಕೇಳುತ್ತಾರೆ.
"ಗೊತ್ತಿಲ್ಲ, ನಮ್ಮವಳು" ಅನ್ನುತ್ತೇನೆ.
ಅವಳಿಗೆ ಆ ಕಷ್ಟ ತಪ್ಪುವುದಾದರೆ
ನಮ್ಮ ಅಂಕಿ ಹಾಗೇ ಇರಲಿ.
ಇದನ್ನು ಪೂರ್ತಿ ಮನಸ್ಸಿನಿಂದ ಹೇಳಲು ಇನ್ನೂ ಬಂದಿಲ್ಲ.
ಮುಕ್ಕಾಲು ಬಂದಿದೆ.

ಈ ಬೆಳಿಗ್ಗೆ ಮೌಳಿ ಹಳೆಯದನ್ನು ಒರೆಸಿ ಹೊಸದು ಬರೆದ:
ಅರವತ್ತೆರಡು.
ಇಳಿದವನು ಏಣಿಯ ಬುಡದಲ್ಲೇ ಕೂತುಬಿಟ್ಟ.
ಅವನನ್ನು ದಾಟಿ ನಾನು ಹತ್ತಿದೆ,
ಮೂಲೆಯದೊಂದು ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿದೆ.
ಕುಲುಕಿತು, ಒಂದು ಗುಟುಕಿನಷ್ಟು ನೀರು.
ಕೆಳಗಿನಿಂದ ಅತ್ತೆ:
"ಪದೇಪದೇ ಮುಟ್ಟಬೇಡ ಕಣೇ, ಅದಕ್ಕೆ ಗೊತ್ತು."

ಇದ್ದ ಜಾಗದಲ್ಲೇ ಇಟ್ಟೆ, ಕಣ್ಣು ಮೇಲೆ ಮಾಡಿ.
ಹಿತ್ತಿಲಲ್ಲಿ ಒಂದು ಚಿಲಕ ಬಿಗಿಯಾಗಿದೆ.
ಎಣ್ಣೆ ಬಿಡಬೇಕು.